ಡುಮಸ್ ದಂಡೆಯಲ್ಲಿ ಗಾಳಿ ಅಳೆಯುವ ಪಟ್ಟಾಭಿರಾಮಯ್ಯ

ಬೆಳಗಿನ ಆರು ಗಂಟೆಗೆ ಇನ್ನು ಐದು ನಿಮಿಷ. ಸೂರತ್ ಊರಾಚೆ, ಡುಮಸ್‌ನ ಕಪ್ಪು ಮರಳಿನ ದಂಡೆಗೆ ಹಳೇ ಲೂನಾ ಒಂದು ಕೆಮ್ಮುತ್ತಾ ಬಂದು ನಿಲ್ಲುತ್ತದೆ. ಇಳಿಯುವವರು ಐವತ್ತೆರಡರ ಪಟ್ಟಾಭಿರಾಮಯ್ಯ. ತಲೆಗೆ ಮಫ್ಲರು, ಕಾಲಿಗೆ ಹವಾಯಿ ಚಪ್ಪಲಿ, ಹೆಗಲಿಗೆ ಬಟ್ಟೆಚೀಲ. ಎದುರಿಗೆ ಅರವತ್ತೈದು ಅಡಿ ಎತ್ತರದ ಕಬ್ಬಿಣದ ಕಂಬ; ಅದರ ನೆತ್ತಿಯಲ್ಲಿ ಮೂರು ಪುಟ್ಟ ಬಟ್ಟಲುಗಳು ಗಾಳಿಗೆ ಗಿರಗಿರನೆ ಸುತ್ತುತ್ತಿವೆ. ಬುಡದ ಪೆಟ್ಟಿಗೆಯ ಬೀಗ ತೆಗೆದು, ಸರಿಯಾಗಿ ಆರಾಗುವುದನ್ನೇ ಕಾದು, ಒಳಗಿನ ಅಂಕಿಯನ್ನು ಪುಸ್ತಕಕ್ಕೆ ಇಳಿಸುತ್ತಾರೆ. ಬರೆದದ್ದನ್ನು ಇನ್ನೊಮ್ಮೆ ಗಟ್ಟಿಯಾಗಿ ಓದುತ್ತಾರೆ. ಕೇಳಲು ದಂಡೆಯ ನಾಯಿಗಳ ಹೊರತು ಯಾರೂ ಇಲ್ಲ.

ಗಾಳಿ ಅಳೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ದಿನಕ್ಕೆ ಮೂರು ಸಲ, ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಭಾನುವಾರವಿಲ್ಲ, ಹಬ್ಬವಿಲ್ಲ, ಜ್ವರವೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಸೊಂಟಕ್ಕೆ ಪಟ್ಟಿ ಬಿಗಿದು ಕಂಬ ಹತ್ತಬೇಕು. "ಮೊದಲನೇ ಸಲ ಹತ್ತಿದಾಗ ಮೇಲೆ ನಿಂತು ಎಲ್ಲಾ ದೇವರ ಹೆಸರೂ ಹೇಳಿಬಿಟ್ಟೆ ಕಣ್ರೀ. ಇಳಿಯೋಕೆ ಮಾತ್ರ ಒಬ್ಬ ದೇವರೂ ಬರಲಿಲ್ಲ," ಎಂದು ನಗುತ್ತಾರೆ.

ಮಧುಗಿರಿಯ ಈ ಮನುಷ್ಯ ಕೇಂದ್ರ ಸರ್ಕಾರದ ಗಾಳಿ ಸಮೀಕ್ಷೆಯ ನೌಕರ. ಕಚೇರಿ ಇರುವುದು ವಡೋದರಾದ ಅಲ್ಕಾಪುರಿಯಲ್ಲಿ. ಎರಡು ವರ್ಷದ ಹಿಂದೆ ಸೂರತ್ತಿಗೆ ಹಾಕಿದಾಗ ಹೆಂಡತಿ ಹೇಮಲತಾ, ಮಗಳು ಮನಸ್ವಿನಿಯ ಜೊತೆ ಅಠ್ವಾ ಲೈನ್ಸ್‌ನ ಬಾಡಿಗೆ ಮನೆಗೆ ಬಂದರು. ಆ ಹೊತ್ತಿಗೆ ಊರಿನ ಚಹರೆಯೇ ಬದಲಾಗಿತ್ತು. ತೊಂಬತ್ತನಾಲ್ಕರಲ್ಲಿ ಪ್ಲೇಗಿನ ಭಯಕ್ಕೆ ಜನ ಗಂಟುಮೂಟೆ ಕಟ್ಟಿ ಓಡಿದ್ದ ಊರು ಬೀದಿ ಬೀದಿ ಗುಡಿಸಿಕೊಂಡು ತಲೆ ಎತ್ತಿ ನಿಂತಿತ್ತು. ಬೀದಿ ಚೊಕ್ಕಟವಾಯಿತು, ಇನ್ನು ಕರೆಂಟೂ ಚೊಕ್ಕಟವಾಗಲಿ ಎಂಬ ಹಟ ಹತ್ತಿದ್ದು ನೀರು ಸರಬರಾಜಿನ ಎಂಜಿನಿಯರ್ ಧನಸುಖಭಾಯಿಗೆ. ಕಲ್ಲಿದ್ದಲಿನ ಹೊಗೆ ಬೇಡ, ನೀರೆತ್ತುವ ಒಂದು ಪಂಪುಮನೆ, ಕಡಲ ರಸ್ತೆಯ ದೀಪಗಳು ಗಾಳಿ ಕರೆಂಟಿನಲ್ಲೇ ನಡೆಯಲಿ ಎಂದರು. ನಗರಪಾಲಿಕೆಯವರು ಮಾತು ಕೊಟ್ಟರು, ಒಂದು ಷರತ್ತಿನ ಮೇಲೆ: ವರ್ಷವಿಡೀ ಗಾಳಿ ಅಳೆಯಬೇಕು. ಸರಾಸರಿ ಗಂಟೆಗೆ ಹದಿನೆಂಟು ಕಿಲೋಮೀಟರ್ ಬಂದರೆ ಗಾಳಿಯಂತ್ರ. ಬಾರದಿದ್ದರೆ ಫೈಲು ಬಂದ್.

ಅಂದರೆ ಒಂದು ಊರು ಕೊಟ್ಟ ಮಾತು ಪಟ್ಟಾಭಿರಾಮಯ್ಯನವರ ಪುಸ್ತಕದ ಮೇಲೆ ನಿಂತಿತ್ತು. ಆ ಪುಸ್ತಕದಲ್ಲೋ, ಒಂಬತ್ತು ತಿಂಗಳಾದರೂ ಸರಾಸರಿ ಹದಿನಾಲ್ಕರ ಮೇಲೆ ಹತ್ತಲಿಲ್ಲ. ಧನಸುಖಭಾಯಿಯ ಮುಖ ಬಾಡುತ್ತಾ ಬಂತು. ವಡೋದರಾದ ಕಚೇರಿ 'ಇಲ್ಲಿ ಗಾಳಿ ಸಾಲದು' ಎಂದು ಷರಾ ಬರೆಯಲು ಸಿದ್ಧವಾಯಿತು. ಕೆಲಸ ಮುಗಿದರೆ ಪಟ್ಟಾಭಿರಾಮಯ್ಯನವರಿಗೆ ಮೈಸೂರಿಗೆ ವರ್ಗ ಎಂದೂ ಮಾತಾಗಿತ್ತು. ಹೇಮಲತಾ ಆಗಲೇ ಟ್ರಂಕು ಒರೆಸಿ ಇಟ್ಟಿದ್ದರು.

ಹಾಗಿರುವಾಗ ತೊಂಬತ್ತೇಳರ ಸಂಕ್ರಾಂತಿ ಬಂತು. ಗುಜರಾತಿನಲ್ಲಿ ಅವತ್ತು ನೆಲದ ಮೇಲೆ ಯಾರೂ ಇರುವುದಿಲ್ಲ, ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಬಿಡುತ್ತದೆ. ಮಧ್ಯಾಹ್ನದ ಅಂಕಿ ಬರೆದು ಇವರು ಮನೆಗೆ ಬಂದಾಗ ಹೇಮಲತಾ ಮಾಳಿಗೆಯ ಮೇಲೆ ಅಕ್ಕಪಕ್ಕದವರಿಗೆ ಎಳ್ಳುಬೆಲ್ಲ ಹಂಚುತ್ತಿದ್ದರು. ಮನಸ್ವಿನಿ ಎರಡೂ ಕೈಯಲ್ಲಿ ದಾರ ಹಿಡಿದು ಒದ್ದಾಡುತ್ತಿದ್ದಳು.

"ಅಪ್ಪಾ, ಜಲ್ದಿ ಬನ್ನಿ! ಪತಂಗ್ ನನ್ನೇ ಖೀಂಚ್ ಮಾಡ್ತಾ ಇದೆ!"

ದಾರ ಹಿಡಿದರೆ ಬೆರಳು ಕುಯ್ದು ರಕ್ತ ಬಂತು. ಪಟ್ಟಾಭಿರಾಮಯ್ಯ ಹಾಗೇ ನಿಂತುಬಿಟ್ಟರು. ಈಗಷ್ಟೇ ಬರೆದುಬಂದ ಲೆಕ್ಕದ ಪ್ರಕಾರ ಗಂಟೆಗೆ ಒಂಬತ್ತು ಕಿಲೋಮೀಟರ್. ಒಂಬತ್ತರ ಗಾಳಿ ಹೀಗೆ ಎಳೆಯುತ್ತದೆಯೇ? ಎಲೆ ಮುಂದೆ ಕೂರದೆ ಲೂನಾ ಹತ್ತಿದರು.

ಕಂಬದ ತುದಿಯಲ್ಲಿ, ಗಾಳಿ ತುಸು ತಗ್ಗಿದ್ದೇ ಬಟ್ಟಲನ್ನು ಬೆರಳಿಂದ ತಳ್ಳಿದರು. ಉಫ್ ಎಂದರೆ ಸುತ್ತಬೇಕಾದದ್ದು ಅರ್ಧ ಸುತ್ತಿಗೇ ನಿಂತಿತು. ಬಟ್ಟಲಿನ ಬುಡ ಮುಟ್ಟಿದರೆ ಬೆರಳಿಗೆ ಕಪ್ಪು ಅಂಟು: ಎಣ್ಣೆ, ಉಪ್ಪು, ಮರಳು. ಆ ಎಣ್ಣೆ ಅವರದೇ. ಕಡಲ ಗಾಳಿಗೆ ತುಕ್ಕು ಹಿಡಿದೀತೆಂದು ಹದಿನೈದು ದಿನಕ್ಕೊಮ್ಮೆ ಹೆಂಡತಿಯ ಹೊಲಿಗೆ ಯಂತ್ರದ ಎಣ್ಣೆಯನ್ನು ನಾಲ್ಕು ನಾಲ್ಕು ಹನಿ ಬಿಟ್ಟುಬಂದಿದ್ದರು. ಎಣ್ಣೆಗೆ ಉಪ್ಪುಧೂಳು ಕೂತು, ಒಂಬತ್ತು ತಿಂಗಳಿಂದ ಬಟ್ಟಲುಗಳು ಕುಂಟುತ್ತಿದ್ದವು.

"ಎಣ್ಣೆ ಹಾಕಬಾರದು ಅಂತ ಯಂತ್ರದ ಜೊತೆ ಬಂದ ಕಾಗದದಲ್ಲಿ ಬರೆದೇ ಇತ್ತು, ಓದಿಯೂ ಇದ್ದೆ. ಆದರೂ ಪಾಪ, ಉಪ್ಪುಗಾಳೀಲಿ ಒಣಗ್ತಾ ಇದೆಯಲ್ಲ ಅನ್ನಿಸೋದು. ನನ್ನ ಅಕ್ಕರೆಯೇ ಅದರ ಕಾಲು ಕಟ್ಟಿಹಾಕಿಬಿಟ್ಟಿತ್ತು," ಎನ್ನುವಾಗ ಇವತ್ತಿಗೂ ಅವರ ದನಿ ಇಳಿಯುತ್ತದೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫೈಲು ಮುಚ್ಚುತ್ತಿತ್ತು, ಮೈಸೂರು ಸಿಗುತ್ತಿತ್ತು. ಬಾಯಿ ಬಿಟ್ಟರೆ ಒಂಬತ್ತು ತಿಂಗಳ ದುಡಿಮೆ ನೀರುಪಾಲು, ಜೊತೆಗೆ ಮೆಮೊ. ಮನೆಗೆ ಬಂದು ಎಲ್ಲವನ್ನೂ ಹೆಂಡತಿಯ ಮುಂದೆ ಹೇಳಿದರು.

"ಈಗೇನು ಮಾಡ್ತೀರಿ?" ಹೇಮಲತಾ ಕೇಳಿದರು.

"ಬರೆದು ಒಪ್ಪಿಕೊಳ್ಳಬೇಕು ಹೇಮಾ. ಆದರೆ ನಿನ್ನ ಮೈಸೂರು..."

"ಮೈಸೂರೇನು ಓಡಿಹೋಗುತ್ತಾ? ಮೊದಲು ಊಟ ಮಾಡಿ, ಆಮೇಲೆ ಬರೀರಿ. ಹಸಿದುಕೊಂಡು ಬರೆದರೆ ಅಕ್ಷರ ಸೊಟ್ಟ ಆಗುತ್ತೆ."

ಇಂಥ ಹೆಂಡತಿ ಸಿಕ್ಕಿದ್ದು ಪುಣ್ಯ ಎಂದು ಅವರು ಎದುರಿಗೇ ಹೇಳುತ್ತಾರೆ, ಆಕೆ "ಸಾಕು ಸುಮ್ನಿರಿ" ಎಂದು ಒಳಗೆ ಹೋಗುತ್ತಾರೆ.

ಮೆಮೊ ಬಂತು, ವರ್ಗ ನಿಂತಿತು. ಹೊಸ ಬಟ್ಟಲು ಕೂರಿಸಿ ಫೆಬ್ರುವರಿಯಿಂದ ಮತ್ತೆ ಒಂದನೇ ದಿನ. ಮುನ್ನೂರ ಅರವತ್ತೈದು ದಿನ, ಸಾವಿರದ ತೊಂಬತ್ತೈದು ಅಂಕಿ. ಜುಲೈನ ಮಳೆಯಲ್ಲಿ ರಸ್ತೆ ಮುಳುಗಿದಾಗ ಲೂನಾ ಬಿಟ್ಟು ಮೊಣಕಾಲುದ್ದ ನೀರಿನಲ್ಲಿ ನಡೆದುಹೋದರು. ಒಂದೂ ಅಂಕಿ ತಪ್ಪಲಿಲ್ಲ. ಸರಾಸರಿ ಹತ್ತೊಂಬತ್ತು ಬಂತು.

ಇದು ಪಾಲಿಕೆ ಸಭೆಯ ಮುಂದೆ ಬಂದದ್ದು ಕಳೆದ ತಿಂಗಳು, ತೊಂಬತ್ತೆಂಟರ ಮಾರ್ಚಿನಲ್ಲಿ. ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಹೋದ ವರ್ಷ ಗಾಳಿ ಇಲ್ಲ ಅಂದವನೂ ಈ ಮನುಷ್ಯನೇ, ಈಗ ಇದೆ ಅನ್ನುವವನೂ ಇವನೇ. ಯಾವುದನ್ನ ನಂಬೋಣ?" ಸಭೆ ಗೊಳ್ಳೆಂದಿತು. ಹಿಂದಿನ ಕುರ್ಚಿಯಿಂದ ಪಟ್ಟಾಭಿರಾಮಯ್ಯ ಎದ್ದರು. ಮುರುಕು ಗುಜರಾತಿಯಲ್ಲಿ ಅವರು ಆಡಿದ್ದು ಇಷ್ಟು: "ಗಾಳಿ ಆಗಲೂ ಇತ್ತು ಸಾಹೇಬ್ರೇ. ಕೆಡಿಸಿದ್ದು ನಾನು. ಕೆಡಿಸಿದೆ ಅಂತ ಬರೆದುಕೊಟ್ಟವನೂ ನಾನೇ. ಆ ಕಾಗದ ವರದಿಯ ಮೊದಲನೇ ಪುಟದಲ್ಲೇ ಇದೆ, ನೋಡಿ."

ಸದಸ್ಯರು ಕನ್ನಡಕ ಏರಿಸಿ ಆ ಪುಟ ಓದಿದರು. ಓದಿ ಕೂತರು. ಮತಕ್ಕೆ ಹಾಕಿದಾಗ ಮೊದಲು ಎದ್ದ ಕೈ ಅವರದೇ ಆಗಿತ್ತು. ಠರಾವು ಪಾಸಾಯಿತು, ಮಳೆ ಕಳೆದ ಮೇಲೆ ಮೊದಲ ಗಾಳಿಯಂತ್ರದ ಪಾಯ.

ಪಟ್ಟಾಭಿರಾಮಯ್ಯ ಅದನ್ನು ನೋಡಲಿಕ್ಕಿಲ್ಲ. ಮೈಸೂರಿನ ಆದೇಶ ಕಡೆಗೂ ಬಂದಿದೆ, ಮೇ ತಿಂಗಳಲ್ಲಿ ಹೊರಡಬೇಕು. ಪಾಯದ ಕಲ್ಲಿನಲ್ಲಿ ನಿಮ್ಮ ಹೆಸರೂ ಇರಲಿ ಎಂದು ಧನಸುಖಭಾಯಿ ದಂಡೆಗೇ ಬಂದು ಕೇಳುತ್ತಾರೆ. ಇವರು ಪೆಟ್ಟಿಗೆಗೆ ಬೀಗ ಹಾಕುತ್ತಾ ತಲೆ ಅಲ್ಲಾಡಿಸುತ್ತಾರೆ.

"ಹೆಸರು ಬೇಡ ಭಾಯಿ. ಕರೆಂಟ್ ಹೋದಾಗ ತಾನೇ ಜನ ಕರೆಂಟಿನವರನ್ನ ನೆನೆಸ್ಕೊಳ್ಳೋದು? ಈ ಊರಲ್ಲಿ ನನ್ನನ್ನ ಯಾರೂ ನೆನೆಸ್ಕೊಳ್ಳದಿದ್ರೆ ಅಷ್ಟೇ ಸಾಕು."