ಪಾರಿಸಕಾಕಾನ ಲೆಕ್ಕದಲ್ಲಿ ಇರದ ದೀಪ

ದೀಪಕ್ಕೆ ಮೊದಲ ಹುಳ ಬಂದು ಬಡಿದ ಕೂಡಲೇ ಪಾರಿಸಕಾಕಾ ಎದ್ದು ಆರಿಸಿಬಿಡುತ್ತಿದ್ದರು. ಎದುರಿಗೆ ಯಾರು ಕೂತಿರಲಿ, ಆರಿಸಿದ್ದೇ. "ನಮ್ಮ ಬೆಳಕಿಗಿ ಅದ್ಯಾಕ ಸಾಯಬೇಕ್ರಿ?" ಎನ್ನುತ್ತಿದ್ದರು. ಜೈನರ ಮನೆತನ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರು ಹಾಕಿದವರಲ್ಲ. ಕುಡಿಯುವ ನೀರನ್ನು ಬಿಳಿ ಅರಿವೆಯಲ್ಲಿ ತಾವೇ ಸೋಸುತ್ತಿದ್ದರು. ಆ ಕೆಲಸವನ್ನು ಹೆಂಡತಿಗೂ ಬಿಟ್ಟುಕೊಟ್ಟವರಲ್ಲ.

ಕುಲಗೋಡದ ಆಚೆ, ಕಬ್ಬಿನ ನಡುವೆ ಅವರ ಮನೆ. ಕರೆಂಟಿನ ಕಂಬ ಊರಲ್ಲೇ ನಿಂತಿತ್ತು. ಗೋಕಾಕದಲ್ಲಿ ಬ್ಯಾಟರಿ, ಇನ್ವರ್ಟರಿನ ಅಂಗಡಿ ನನ್ನದು. ಶಾಲೆ ಏಳನೆಯದಕ್ಕೇ ಬಿಟ್ಟವನು ನಾನು. ಆದರೆ ನಾನು ಕೂಡಿಸಿಕೊಟ್ಟ ಇನ್ವರ್ಟರಿನ ಪೆಟ್ಟಿಗೆ ಕೆಟ್ಟಿತೆಂದು ಯಾರೂ ಮೆಟ್ಟಿಲು ಹತ್ತಿದ್ದಿಲ್ಲ.

ಒಂದು ಮುಂಜಾನೆ ಕಾಕಾ ಧೋತರದಲ್ಲಿ ಗಂಟು ಕಟ್ಟಿಕೊಂಡು ಬಸ್ಸಿಳಿದು ಬಂದರು. ಗಂಟಿನಲ್ಲಿ ಇದ್ದದ್ದು ದಮ್ಮಿನ ಔಷಧವನ್ನು ಹಬೆ ಮಾಡಿ ಮೂಗಿಗೆ ಊದುವ ಮಷೀನು. ಅವರ ಹೆಂಡತಿ ಸುಮತಿಕಾಕುಗೆ ಹುಕ್ಕೇರಿಯ ಡಾಕ್ಟರರು ಹೇಳಿ ತರಿಸಿದ್ದು.

"ಸಣ್ಣ ಪೆಟಗಿ ಸಾಕಲ್ಲೊ ತಮ್ಮಾ?"

"ಓಡುವಾಗ ಸಾಕ್ರಿ. ಮೋಟರ್ ಸುರು ಆಗುವಾಗ ಎರಡು-ಮೂರು ಪಟ್ಟು ಎಳೀತೈತಿ. ದೊಡ್ಡದ ಬೇಕು."

ಕಾಕಾ ತಲೆಯಾಡಿಸಿದರು. "ಖರೆ. ಕಬ್ಬಿನ ಗಾಡಿ ಏರಿ ಹತ್ತೂದ ನೋಡಿ ಎತ್ತ ಹೂಡಬೇಕು, ಇಳಿಯೂದ ನೋಡಿ ಅಲ್ಲ. ಮತ್ತ ಮೋಡ ಮುಸುಕಿದಾಗ ಮೇವು?"

ಸೋಲಾರಿಗೆ ಬಿಸಿಲು ಸಿಗದ ದಿನಕ್ಕೂ ಸಾಲಲೆಂದು ಬ್ಯಾಟರಿಯನ್ನೂ ದೊಡ್ಡದೇ ಆರಿಸಿದೆ. ಕಾಕಾ ಅಷ್ಟಕ್ಕೇ ಬಿಡಲಿಲ್ಲ, ಅರ್ಧ ಇಳಿದ ಬ್ಯಾಟರಿ ಹಚ್ಚಿಸಿ ಮೋಟರು ಏಳುವುದನ್ನು ಕಿವಿಗೊಟ್ಟು ಕೇಳಿದರು. ನನಗೆ ಸಿಟ್ಟು ಬಂತು. "ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಐತೊ. ಆದ್ರ ಆಕಿ ಉಸಿರು ನಿನ್ನ ಮಾತಿನ ಮ್ಯಾಲೆ ನಡಿಯಂಗಿಲ್ಲಲ್ಲ."

ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಕೂಡಿಸಿ ವೈರು ಎಳೆಯುವಾಗ ಸುಮತಿಕಾಕು ಏದುಸಿರಿನಲ್ಲೇ ಅಂದಳು: "ತಮ್ಮಾ, ಒಂದ ಬಲ್ಬ ಹಚ್ಚೊ. ಕತ್ತಲ್ಯಾಗ ದಮ್ಮ ಹತ್ತಿದ್ರ ನನ್ನ ಕೈ ನನಗ ಕಾಣಂಗಿಲ್ಲ."

"ಬಲ್ಬಿಗಿ ಹೋದ ಕರೆಂಟು ನಿನ್ನ ಉಸಿರಿಗಿ ಕಡಿಮಿ ಬೀಳ್ತೈತಿ. ಮ್ಯಾಲೆ ಹುಳದ ಪಾಪ ಬ್ಯಾರೆ" ಎಂದರು ಕಾಕಾ.

"ಹುಳದ ಮ್ಯಾಲಿನ ಮಾಯಾ ನನ್ನ ಮ್ಯಾಲೆ ಇಲ್ಲ ನೋಡ ಇವರಿಗಿ."

"ಮಾಯಾ ಇಲ್ಲದನ ಇಷ್ಟ ದೊಡ್ಡ ಪೆಟಗಿ ತಂದೇನೇನ?"

ಕಾಕು ನಕ್ಕಳು, ನಗು ಕೆಮ್ಮಿಗೆ ತಿರುಗಿತು. ಸಣ್ಣ ಬಲ್ಬು ಬ್ಯಾಟರಿಗೆ ಗೊತ್ತೂ ಆಗುವುದಿಲ್ಲ ಎಂದು ನಾನೂ ಹೇಳಿ ನೋಡಿದೆ. "ಪೆಟಗಿ ಲೆಕ್ಕಾ ನಿಂದು ತಮ್ಮಾ, ಮನಿ ಲೆಕ್ಕಾ ನಂದು" ಎಂದರು. ಆದರೂ ಕಾಕುವಿನ ಮಂಚದ ಮೇಲೆ ಒಂದು ಹೋಲ್ಡರು ಕೂಡಿಸಿ, ಖಾಲಿ ಬಿಟ್ಟು ಬಂದೆ.

ಆ ಮಳೆಗಾಲದಲ್ಲೇ ಕಾಕು ಹೋದಳೆಂದು ಸುದ್ದಿ ಬಂತು. ಮನೆ ಹೊಕ್ಕಾಗ ನನ್ನ ಕಣ್ಣು ಮೊದಲು ಇನ್ವರ್ಟರಿನ ಕಡೆ ಹೋದದ್ದನ್ನು ಕಾಕಾ ನೋಡಿದರು.

"ಪೆಟಗೀದ ಏನೂ ತಪ್ಪಿಲ್ಲೊ. ಒತ್ತಿದ ಕೂಡ್ಲೆ ಸುರು ಆತು. ಔಷಧದ ಬಾಟ್ಲಿ ಕೈ ಜಾರಿ ಮಂಚದ ಬುಡಕ ಉರುಳಿತು. ಕತ್ತಲ್ಯಾಗ ತಡವ್ಯಾಡಿದೆ, ಸಿಗಲಿಲ್ಲ. ಮಷೀನು ಬರೇ ಗಾಳಿ ಊದಕೋತ ಇತ್ತು. ಕಂದೀಲ ಹಚಗೊಂಡ ಬರೂದರಾಗ ಆಕಿ ಸದ್ದ ನಿಂತಿತ್ತು. ಮಷೀನಿನ ಸದ್ದ ನಿಂತಿರಲಿಲ್ಲ."

ಚಳಿ ಬಿದ್ದ ಮೇಲೆ ಒಮ್ಮೆ ಕಾಕಾ ಹೇಳಿಕಳಿಸಿದರು. ಹೋದಾಗ ಸಂಜೆ ಇಳಿಯುತ್ತಿತ್ತು. ಆಗಲೇ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ, ಖಾಲಿ ಮಂಚದ ಮೇಲೆ, ನಾನು ಬಿಟ್ಟುಬಂದ ಹೋಲ್ಡರಿನಲ್ಲಿ ಬಲ್ಬು ಉರಿಯುತ್ತಿತ್ತು. ಸುತ್ತ ತಂತಿ ಬಾಗಿಸಿ, ನೀರು ಸೋಸುವ ಬಿಳಿ ಅರಿವೆಯನ್ನು ಬಲ್ಬಿಗೆ ತಾಗದಷ್ಟು ದೂರಕ್ಕೆ, ಗುಡಾರದ ಹಾಗೆ ಕಟ್ಟಿದ್ದರು. ಹುಳಗಳು ಬಂದು ಅರಿವೆಯ ಮೇಲೆ ಕೂತಿದ್ದವು. ಒಂದೂ ಸತ್ತಿರಲಿಲ್ಲ.

"ಅರಿವಿ ದಿನಾ ಕೈಯಾಗನ ಇತ್ತು. ಆಕಿ ಇದ್ದಾಗ ಹೊಳಿಲಿಲ್ಲ" ಎಂದರು. ಆಮೇಲೆ, "ಇದೊಂದ ಬಲ್ಬ ಬೆಳತನಕಾ ಉರದ್ರ ಬ್ಯಾಟರಿ ಎಷ್ಟ ಇಳೀತೈತಿ?"

ಕೆಲಸದ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ. "ಇಳಿದದ್ದ ಗೊತ್ತಾಗಂಗಿಲ್ರಿ ಕಾಕಾ. ಮಷೀನಿನ ಮೋಟರ್ ಜೊತಿಗಿ ಓಡಿದ್ರೂ ಅಷ್ಟ."

"ಗೊತ್ತಾಗಂಗಿಲ್ಲ?"

"ಇಲ್ರಿ."

ಅವರು ಬಲ್ಬಿನ ಬೆಳಕು ಹೊರಬೀಳುತ್ತಿದ್ದ ಕಿಟಕಿಗೆ ಬೆನ್ನು ಮಾಡಿ ಕೂತರು. ಕಬ್ಬು ಕಪ್ಪಾಗುತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗಲೂ ಅವರು ತಿರುಗಲಿಲ್ಲ. ಮುಂದೆ ಅವರನ್ನು ನಾನು ನೋಡಲಿಲ್ಲ.