ಗುಣ ಕೇಳುತ್ತಿದ್ದ ಮೇಡಂ

ಜಡೆ ಊರಿನ ನಮ್ಮ ಶಾಲೆಗೆ ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದ ವಿಜ್ಞಾನದ ಮೇಡಂ ಎಂಟನೇ ತರಗತಿಯ ನಮಗೆಲ್ಲ ಒಂದೊಂದು ಧಾತುವನ್ನು ಹಂಚಿದ್ದರು. ಹಾಜರಿಗೆ ಎದ್ದು ನಿಂತರೆ, ಸೀಮೆಸುಣ್ಣ ಮೆತ್ತಿದ ಬೆರಳು ಆಡಿಸುತ್ತ, "ಹೆಸರು ಇರ್ಲಿ, ಗುಣ ಹೇಳು" ಎನ್ನುತ್ತಿದ್ದರು. "ನೀರು ಕಂಡ್ರೆ ಸಿಡೀತೀನಿ ಮೇಡಂ" ಎಂದ ಮೇಲೆಯೇ ಸೋಡಿಯಂಗೆ ಹಾಜರಿ.

ನನಗೆ ಬಂದದ್ದು ಇಂಗಾಲ, ಪಕ್ಕದ ಮನೆಯವಳಿಗೆ ಚಿನ್ನ. ಸುದ್ದಿ ಕೇಳಿದ ಅಪ್ಪ ಕಿರಾಣಿ ಅಂಗಡಿಯ ಬಾಗಿಲು ಹಾಕಿ ನೇರ ಶಾಲೆಗೆ ಬಂದ.

"ಅವರ ಮನೆಗೆ ಚಿನ್ನ, ನಮ್ಮನೆಗೆ ಇದ್ದಿಲಾ? ಇದ್ಯಾವ ನ್ಯಾಯ ರೀ ಮೇಡಂ?"

ಮೇಡಂ ನಗಲಿಲ್ಲ. ನಾಲ್ಕು ಬೆರಳು ಎತ್ತಿ ತೋರಿಸಿದರು.

"ಹೆಸರು ಇರ್ಲಿ ರೀ, ಗುಣ ಕೇಳ್ರಿ. ಚಿನ್ನ ಯಾರ ಜೊತೆಗೂ ಸುಲಭಕ್ಕೆ ಸೇರಲ್ಲ. ಇಂಗಾಲಕ್ಕೆ ನಾಲ್ಕು ಕೈ, ಸಿಕ್ಕವರನ್ನೆಲ್ಲ ಹಿಡ್ಕೊಳ್ತದೆ. ನಿಮ್ಮ ಅಂಗಡಿಯ ಸಕ್ಕರೆ, ಎಣ್ಣೆ, ಅಕ್ಕಿ, ಎಲ್ಲದ್ರಲ್ಲೂ ಇರೋದು ನಿಮ್ಮ ಮಗಳೇ."

ಅಪ್ಪ ಅಂಗಡಿ ತೆರೆಯಲು ಹೊರಟುಹೋದ.

ಸಂಜೆ ನಾನು ಅಂಗಡಿಗೆ ಹೋದಾಗ, ಉಳವಿಯಿಂದ ಬಂದಿದ್ದ ಗಿರಾಕಿಯೊಬ್ಬರು ನನ್ನತ್ತ ನೋಡಿ, "ಮಗಳಾ? ಹೆಸರೇನ್ರೀ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಸಕ್ಕರೆ ತೂಗುತ್ತಲೇ ಹೇಳಿದ: "ಹೆಸರು ಇರ್ಲಿ ರೀ, ಗುಣ ಕೇಳ್ರಿ. ಈಗ ನೀವು ತಗೊಂಡು ಹೋಗ್ತಿರೋದ್ರಲ್ಲೂ ಇವಳೇ ಇರೋದು."