ದೋಣಿಗೆ ಕಂಚಿನ ಹೆಸರು

ಜಾಲಹಳ್ಳಿಯಲ್ಲಿದ್ದ ನಮ್ಮ ಪಕ್ಕದ ಮನೆಯವರು ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಕಾರ್ ಶೆಡ್ಡಿನಲ್ಲಿ ಪುಟ್ಟ ದೋಣಿಯೊಂದನ್ನು ಕಟ್ಟಿದರು. ಏನು ಕೇಳಿದರೂ ಹಣೆ ಉಜ್ಜಿಕೊಂಡು, "ನೋಡೋಣ ಕಣ್ರೀ" ಎನ್ನುವರು.

"ನನ್ ಹೆಸ್ರು ಮಾತ್ರ ಇಡ್ಬೇಡಿ, ಮುಳುಗಿದ್ರೆ ಅವಮಾನ" ಎಂದಿದ್ದರು ಅವರ ಹೆಂಡತಿ. ಇವರು "ನೋಡೋಣ" ಎಂದು ಪೀಣ್ಯಕ್ಕೆ ಹೋಗಿ, ಅದೇ ಹೆಸರನ್ನು ಕಂಚಿನಲ್ಲಿ ಎರಕ ಹೊಯ್ಸಿಕೊಂಡು ಬಂದರು. ಆ ಫಲಕವನ್ನು ಆಟೋದಿಂದ ಇಳಿಸಲು ನಾನೂ ಕೈಜೋಡಿಸಬೇಕಾಯಿತು.

ಅದನ್ನು ದೋಣಿಯ ಎಡಮಗ್ಗುಲಿಗೆ ಬಿಗಿದು, ಅವರ ಹೆಂಡತಿಯ ತವರೂರಿನ ಕೆರೆಗೆ ದೋಣಿ ಇಳಿಸಿದೆವು. ಮೊದಲು ಯಜಮಾನರೊಬ್ಬರೇ ಹತ್ತಿ ಕೂತರು. ದೋಣಿ ಎಡಕ್ಕೆ ವಾಲಿತು.

"ಫಲಕ ಬಿಚ್ಬಿಡೋಣ್ವಾ ಸಾರ್?" ಎಂದೆ.

"ಬೇಡ" ಎಂದವರು ದಡದಲ್ಲಿದ್ದ ಹೆಂಡತಿಯ ಕಡೆ ತಿರುಗಿದರು. "ನೀನ್ ಬಂದು ಬಲಗಡೆ ಕೂತ್ಕೋ, ಸರಿಹೋಗತ್ತೆ."

ನೀರೆಂದರೆ ಹೆದರುವ ಆಕೆ ಸೀರೆ ಎತ್ತಿ ಕಟ್ಟಿ, ಬೈಯುತ್ತಲೇ ಹತ್ತಿದರು. ದೋಣಿ ನೆಟ್ಟಗಾಗಿ ಹೊರಟಿತು. ನಡುಗೆರೆ ತಲುಪಿದ ಮೇಲೂ ಬೈಗುಳ ದಡಕ್ಕೆ ಕೇಳಿಸುತ್ತಿತ್ತು.